ಕಾದ ಹರಳು ಬಾಗಿಸುವ ಬೆಳಕು

ಬೇಸಿಗೆಯ ಮಧ್ಯಾಹ್ನ ಹೊಸಪೇಟೆ–ಕಂಪ್ಲಿ ದಾರಿಯ ಡಾಂಬರಿನ ಮೇಲೆ ನೀರು ನಿಂತಂತೆ ತೋರುತ್ತದೆ, ಹಂಪಿಯ ಕಾದ ಬಂಡೆಗಳಾಚೆಯ ಗೋಪುರ ನಡುಗಿದಂತೆ ಕಾಣುತ್ತದೆ. ಬಿಸಿಗೆ ಗಾಳಿ ತೆಳುವಾಗಿ ಅದರ ವಕ್ರೀಭವನ ಸೂಚ್ಯಂಕ ಇಳಿಯುತ್ತದೆ, ಬೆಳಕು ಬಾಗುತ್ತದೆ. ಈ ಮರೀಚಿಕೆಯನ್ನು ಅಲೆಗಳ ಲೆಕ್ಕದಲ್ಲಿ ವಿವರಿಸುವ ಪ್ರಬಂಧವನ್ನು ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್ ಮತ್ತು ಎಸ್. ಪಂಚರತ್ನಂ 1959ರಲ್ಲಿ ಪ್ರಕಟಿಸಿದರು. ಮರುವರ್ಷವೇ ಮೊದಲ ಲೇಸರ್ ಬೆಳಗಿತು. ಅದರ ಶಕ್ತಿಯನ್ನು ಕಟ್ಟಿಹಾಕುವ ಮುಖ್ಯ ಅಡ್ಡಿಗಳಲ್ಲಿ ಒಂದು ಇದೇ ಬಿಸಿ. ಹೆಚ್ಚು ಶಕ್ತಿ ತುಂಬಿಸುವ ಮೊದಲು ಈ ಬಿಸಿ ಮಾಡುವ ವಿಕಾರವನ್ನು ಅಳೆಯಲೇಬೇಕು, ಅದೂ ಯಂತ್ರ ಪೂರ್ಣ ಶಕ್ತಿಯಲ್ಲಿ ದುಡಿಯುತ್ತಿರುವಾಗಲೇ.

ನಿಯೋಡಿಮಿಯಂ ಬೆರೆಸಿದ ಯಾಗ್ (ಯಿಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್) ಹರಳಿನ ಸರಳುಳ್ಳ ಲೇಸರ್ ವರ್ಧಕವನ್ನೇ ನೋಡಿ. ಅದಕ್ಕೆ ಊಡುವ ಬೆಳಕು 808 ನ್ಯಾನೋಮೀಟರಿನದು, ಹೊರಬರುವುದು 1064ರದು. ಈ ವ್ಯತ್ಯಾಸದಿಂದಲೇ, ಹರಳು ಹೀರಿದ ಶಕ್ತಿಯಲ್ಲಿ ಸುಮಾರು ಶೇ 24 ಭಾಗ ಶಾಖವಾಗಿ ಒಳಗೇ ಉಳಿಯುತ್ತದೆ. ಅಂಚನ್ನು ನೀರು ತಣಿಸುತ್ತದೆ, ನಡುಭಾಗ ಕಾಯುತ್ತದೆ. ಗಾಳಿಗೆ ತದ್ವಿರುದ್ಧವಾಗಿ ಇಲ್ಲಿ ಬಿಸಿಯೊಂದಿಗೆ ಸೂಚ್ಯಂಕ ಏರುವುದರಿಂದ ಚಪ್ಪಟೆ ತುದಿಗಳ ಸರಳು ಪೀನ ಮಸೂರದಂತೆ ವರ್ತಿಸತೊಡಗುತ್ತದೆ. ಏರಿಕೆ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಏಳು ಪಾಲಿನಷ್ಟು. ಅಲ್ಪವೆನಿಸಬಹುದು. ಆದರೆ 10 ಸೆಂಟಿಮೀಟರ್ ಉದ್ದದ ಸರಳಿನ ನಡುವಿಗೂ ಅಂಚಿಗೂ 10 ಡಿಗ್ರಿ ಅಂತರವಿದ್ದರೆ ಬೆಳಕು ಏಳು ಮೈಕ್ರಾನಿನಷ್ಟು, ಅಂದರೆ ಆರೇಳು ಅಲೆಯುದ್ದ, ಹಿಂದುಮುಂದಾಗುತ್ತದೆ. ಒಳ್ಳೆಯ ಕಿರಣಕ್ಕೆ ಒಂದು ಅಲೆಯ ಹತ್ತನೇ ಒಂದಂಶದ ದೋಷವೂ ಲೆಕ್ಕಕ್ಕೆ ಬರುತ್ತದೆ.

ಅಳೆಯಲು ಬೇರೆ ಬಣ್ಣದ ಕ್ಷೀಣ ಕಿರಣವೊಂದನ್ನು ಹರಳಿನ ಮೂಲಕ ಹಾಯಿಸಿ, ಪುಟ್ಟ ಮಸೂರಗಳ ಜಾಲರಿಯುಳ್ಳ ಶಾಕ್–ಹಾರ್ಟ್‌ಮನ್ ಸಂವೇದಕದ ಮೇಲೆ ಬೀಳಿಸುತ್ತಾರೆ. ಪ್ರತಿ ಚುಕ್ಕಿ ಎಷ್ಟು ಸರಿಯಿತೆಂಬುದರಿಂದ ಅಲೆಯ ಮುಖದ ಆಕಾರ ತಿಳಿಯುತ್ತದೆ. ಹರಳಿನ ಹೊರಗಿನ ಗಾಳಿಯೂ ಚುಕ್ಕಿಗಳನ್ನು ಕದಲಿಸುತ್ತದೆಂಬ ಆಕ್ಷೇಪ ನಿಜವೇ. ಆದ್ದರಿಂದಲೇ ದಾರಿಯನ್ನು ಕೊಳವೆಯಲ್ಲಿ ಮುಚ್ಚಿ, ಊಡುವ ಬೆಳಕನ್ನು ಆರಿಸಿದಾಗಿನ ಅಳತೆಯನ್ನು ಕಳೆಯುತ್ತಾರೆ.

ಅಳೆಯುವ ಗೋಜೇಕೆ, ವಿಕಾರವನ್ನು ತಿದ್ದುವ ಎದುರು ಮಸೂರವೊಂದನ್ನಿಟ್ಟರೆ ಸಾಲದೇ? ಸಾಲದು. ಅದು ಒಂದೇ ಶಕ್ತಿಮಟ್ಟಕ್ಕೆ ಹೊಂದುತ್ತದೆ. ಜೊತೆಗೆ ಶಾಖದ ಒತ್ತಡದಿಂದ ಹರಳು ದ್ವಿವಕ್ರೀಭವನ ಪಡೆದು, ಧ್ರುವೀಕರಣದ ದಿಕ್ಕಿಗೊಂದು ನಾಭಿದೂರ ಹುಟ್ಟುತ್ತದೆ. ಒಂದು ಮಸೂರ ಎರಡನ್ನೂ ತಿದ್ದಲಾರದು.

ಬಳ್ಳಾರಿಯ ನೆರೆಯ ಕರ್ನೂಲಿನಲ್ಲಿ 2025ರ ಏಪ್ರಿಲ್ 13ರಂದು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ (ಡಿಆರ್‌ಡಿಒ) 30 ಕಿಲೋವ್ಯಾಟ್ ಲೇಸರ್ ಅಸ್ತ್ರದಿಂದ ಡ್ರೋನುಗಳನ್ನು ಉರುಳಿಸಿತು. ಅಂಥ ಬಿಸಿಲ ಬಯಲಿನಲ್ಲಿ ಕಿರಣ ಹರಡಿದರೆ ತಪ್ಪು ಗಾಳಿಯದೋ ಯಂತ್ರದ್ದೋ ಎಂದು ಹೇಳಲು ಒಳಗಿನ ವಿಕಾರದ ಪ್ರತ್ಯೇಕ ಅಳತೆ ಇರಲೇಬೇಕು. ತೆಳು ಗಾಜಿನೆಳೆಯ ಫೈಬರ್ ಲೇಸರಿಗೆ ಈ ಕಾಟವಿಲ್ಲ ಎನ್ನುವವರಿದ್ದಾರೆ. ಮಸೂರದ ಪರಿಣಾಮ ಅಲ್ಲಿ ಕಡಿಮೆ, ಒಪ್ಪಬೇಕು. ಆದರೆ ಒಂದು ಮಿತಿ ದಾಟಿದೊಡನೆ ಶಾಖವೇ ಎಳೆಯೊಳಗೆ ಜಾಲರಿಯಂಥ ಏರಿಳಿತ ಮೂಡಿಸಿ, ಕಿರಣದ ಆಕಾರವನ್ನು ಸೆಕೆಂಡಿಗೆ ಸಾವಿರಾರು ಬಾರಿ ಕದಡಬಲ್ಲದು. ಸಾಮಾನ್ಯ ಕ್ಯಾಮೆರಾಕ್ಕೆ ಅದು ಕಾಣುವುದೇ ಇಲ್ಲ. ಅದನ್ನು ಹಿಡಿಯಲು ವೇಗದ ಫೋಟೊಡಯೋಡ್ ಬೇಕು.