ಬೆಳಗಿನ ಸೂರ್ಯನ ಹೆಸರಿನ ಪತ್ರಿಕೆ

ಜಪಾನೀ ಭಾಷೆಯಲ್ಲಿ 'ಅಸಾಹಿ' ಎಂದರೆ ಬೆಳಗಿನ ಸೂರ್ಯ. 'ಶಿಂಬುನ್' ಎಂದರೆ ವೃತ್ತಪತ್ರಿಕೆ. ಈ ಹೆಸರಿನ ದಿನಪತ್ರಿಕೆ 1879ರ ಜನವರಿ 25ರಂದು ವರ್ತಕರ ನಗರವಾದ ಒಸಾಕಾದಲ್ಲಿ ಜನ್ಮ ತಾಳಿತು. ಆಗ ಅದು ಸಾಮಾನ್ಯ ಜನರಿಗಾಗಿ ಸುಲಭವಾದ ಮಾತಿನಲ್ಲಿ, ಚಿತ್ರಗಳೊಡನೆ, ಊರ ಸುದ್ದಿಯನ್ನೂ ಕಥೆಗಳನ್ನೂ ಒದಗಿಸುತ್ತಿದ್ದ ಚಿಕ್ಕ ಹಾಳೆ. ಎರಡು ವರ್ಷಗಳ ತರುವಾಯ ಮುರಾಯಾಮಾ ರ್‍ಯೋಹೇ, ಉಯೆನೋ ರಿಇಚಿ ಎಂಬಿಬ್ಬರು ಅದರ ಒಡೆತನವನ್ನು ವಹಿಸಿಕೊಂಡರು. 1888ರಲ್ಲಿ ಟೋಕಿಯೋದ ಪತ್ರಿಕೆಯೊಂದನ್ನು ಕೊಂಡು ರಾಜಧಾನಿಯಲ್ಲಿಯೂ ಬೇರೂರಿದರು.

ಮುಂದಿನ ಧಾರಾವಾಹಿಯ ಕಂತಿಗಾಗಿ ಕಾಯುವ ವಾಚಕರಿಗೆ 1907ರ ಒಂದು ಪ್ರಸಂಗ ರುಚಿಸೀತು. ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಬೋಧಿಸುತ್ತಿದ್ದ ನಾತ್ಸುಮೆ ಸೋಸೆಕಿ ಆ ವರ್ಷ ಕೆಲಸಕ್ಕೆ ರಾಜೀನಾಮೆಯಿತ್ತು, ತಿಂಗಳಿಗೆ 200 ಯೆನ್ ಸಂಬಳದ ಮೇಲೆ ಅಸಾಹಿಯನ್ನು ಸೇರಿದರು. ಮಾಡಬೇಕಾದ ಕೆಲಸ: ಕಾದಂಬರಿ ಬರೆಯುವುದು! ಪಂಡಿತರು ಹುಬ್ಬೇರಿಸಿದರು; ವಾಚಕರು ಹಿಗ್ಗಿದರು. ಮೊದಲ ಧಾರಾವಾಹಿ 'ಗುಬಿಜಿನ್ಸೋ'ದ ಪ್ರಕಟಣೆ ಹೊರಟದ್ದೇ ತಡ, ಮಿತ್ಸುಕೋಶಿ ಅಂಗಡಿಯವರು ಆ ಹೆಸರಿನ ಬೇಸಿಗೆಯ ಉಡುಪನ್ನು ಮಾರಾಟಕ್ಕಿಟ್ಟರು. ಸೋಸೆಕಿ ಒಂಬತ್ತು ವರ್ಷ ಬರೆದರು. 1916ರ ಡಿಸೆಂಬರಿನಲ್ಲಿ ಕೊನೆಯ ಕಾದಂಬರಿಯನ್ನು ಅರ್ಧದಲ್ಲಿಯೇ ಬಿಟ್ಟು ಕಣ್ಮುಚ್ಚಿದರು. 1914ರ ಏಪ್ರಿಲ್ 20ರಂದು ಆರಂಭವಾಗಿದ್ದ ಅವರ 'ಕೊಕೊರೊ'ವನ್ನು ಪತ್ರಿಕೆ ಸರಿಯಾಗಿ ನೂರು ವರ್ಷಗಳ ಬಳಿಕ, ಅದೇ ದಿನದಿಂದ, ಮತ್ತೆ ಕಂತು ಕಂತಾಗಿ ಪ್ರಕಟಿಸಿತು. ಅದೇ ಕಚೇರಿಯಲ್ಲಿ 1909ರಿಂದ ಕರಡು ತಿದ್ದುತ್ತಿದ್ದ ತರುಣನೊಬ್ಬನಿದ್ದ. ಅವನೇ ಕವಿ ಇಶಿಕಾವಾ ತಾಕುಬೊಕು. ಬಡತನದಲ್ಲಿ ಬೆಂದು, 26ನೆಯ ವಯಸ್ಸಿನಲ್ಲಿ ಕ್ಷಯಕ್ಕೆ ತುತ್ತಾದ.

ಪತ್ರಿಕೆಯ ಬಾಳು ಹೂವಿನ ಹಾಸಿಗೆಯಾಗಿರಲಿಲ್ಲ. 1918ರಲ್ಲಿ ಅಕ್ಕಿಯ ಬೆಲೆಯೇರಿ ಜಪಾನಿನಾದ್ಯಂತ ದೊಂಬಿಗಳೆದ್ದವು. ಸರ್ಕಾರ ಆ ಸುದ್ದಿಯನ್ನೇ ಅಚ್ಚು ಮಾಡಕೂಡದೆಂದಿತು. ಇದನ್ನು ಪ್ರತಿಭಟಿಸಿದ ಸಭೆಯ ವರದಿಯಲ್ಲಿ ಬರಹಗಾರನು 'ಬಿಳಿಯ ಕಾಮನಬಿಲ್ಲು ಸೂರ್ಯನನ್ನು ಭೇದಿಸಿತು' ಎಂಬ ಪ್ರಾಚೀನ ಚೀನೀ ನುಡಿಗಟ್ಟನ್ನು ಬಳಸಿದ್ದನು. ಅದು ದೊರೆಗೆ ಒದಗುವ ವಿಪತ್ತಿನ ಸೂಚನೆ! ಮೊಕದ್ದಮೆ ನಡೆಯಿತು. ಮುಖ್ಯಸ್ಥ ಮುರಾಯಾಮಾರನ್ನು ಪುಂಡರು ದಾರಿಯಲ್ಲಿ ತಡೆದು ಹಲ್ಲೆ ಮಾಡಿದರು. ಅವರು ಅಧಿಕಾರ ಬಿಟ್ಟರು; ಹಿರಿಯ ಸಂಪಾದಕರೂ ಹೊರನಡೆದರು. ಒಂದು ನುಡಿಗಟ್ಟಿಗೆ ತೆತ್ತ ಬೆಲೆಯಿದು. 1936ರ ಫೆಬ್ರವರಿ 26ರಂದು ದಂಗೆಯೆದ್ದ ಸೈನಿಕರು ಟೋಕಿಯೋ ಕಚೇರಿಗೆ ನುಗ್ಗಿ ಅಚ್ಚುಮೊಳೆಗಳ ಪೆಟ್ಟಿಗೆಗಳನ್ನು ಬೋರಲು ಹಾಕಿದರು. ಸಾವಿರಾರು ಅಕ್ಷರಗಳುಳ್ಳ ಲಿಪಿಯಲ್ಲಿ ಚೆಲ್ಲಾಪಿಲ್ಲಿಯಾದ ಮೊಳೆಗಳನ್ನು ಮರಳಿ ಹೊಂದಿಸುವುದೆಂದರೇನೆಂದು ಮೊಳೆ ಜೋಡಿಸುವವರೇ ಬಲ್ಲರು.

ಆದರೆ ಹೊಗಳಿಕೆ ಪೂರ್ತಿ ಸಲ್ಲದು. 1931ರಲ್ಲಿ ಸೇನೆ ಮಂಚೂರಿಯಕ್ಕೆ ಕಾಲಿಟ್ಟ ಬಳಿಕ ಪತ್ರಿಕೆಯೂ ಅದರ ಬೆನ್ನಿಗೆ ನಿಂತು, ಯುದ್ಧ ಮುಗಿಯುವತನಕ ಜಯಘೋಷವನ್ನೇ ಮೊಳಗಿಸಿತು. ಸೋಲಿನ ಬಳಿಕ, 1945ರ ನವೆಂಬರ್ 7ರಂದು, ತನ್ನ ಹೊಣೆಯನ್ನು ಒಪ್ಪಿಕೊಂಡು, ಇನ್ನು ಜನತೆಯೊಡನೆ ನಿಲ್ಲುವೆನೆಂದು ಸಾರಿತು, ಆಡಳಿತದವರು ರಾಜೀನಾಮೆಯಿತ್ತರು. ಗಂಡಾಂತರ ಅಲ್ಲಿಗೂ ಮುಗಿಯಲಿಲ್ಲ. 1987ರ ಮೇ 3ರಂದು ಮುಸುಕುಧಾರಿಯೊಬ್ಬನು ಪತ್ರಿಕೆಯ ಶಾಖಾ ಕಚೇರಿಗೆ ಹೊಕ್ಕು ಬಂದೂಕು ಹಾರಿಸಿದನು. ಯುವ ವರದಿಗಾರನೊಬ್ಬ ಅಸುನೀಗಿದ. ಅಪರಾಧಿ ಸಿಕ್ಕಲೇ ಇಲ್ಲ.

ಸುದ್ದಿಯನ್ನು ಬೇಗ ಮುಟ್ಟಿಸುವುದರಲ್ಲಿ ಇವರ ಉತ್ಸಾಹ ಅಪಾರ. ದೂರದ ಸ್ಥಳಗಳಿಂದ ಪಾರಿವಾಳಗಳ ಮೂಲಕ ಸುದ್ದಿ ತರಿಸುತ್ತಿದ್ದ ಕಾಲವಿತ್ತು. 1937ರಲ್ಲಿ ಅಸಾಹಿಯ 'ಕಾಮಿಕಾಜೆ' ವಿಮಾನ ಕಲ್ಕತ್ತಾ, ಕರಾಚಿಗಳಲ್ಲಿಳಿದು 94 ಗಂಟೆಗಳಲ್ಲಿ ಲಂಡನ್ ಸೇರಿತು. ಬೆಳಗಿನದು, ಸಂಜೆಯದು ಎಂದು ದಿನಕ್ಕೆರಡು ಪತ್ರಿಕೆ; ದೂರದೂರುಗಳಿಗೆ ಮೊದಲು ಅಚ್ಚಾದ ಪ್ರತಿ, ನಗರಕ್ಕೆ ಕಟ್ಟಕಡೆಯ ಸುದ್ದಿಯ ಪ್ರತಿ. ಬೀದಿಬೀದಿಯ ಏಜೆನ್ಸಿ ಅಂಗಡಿಗಳಿಂದ ಹುಡುಗರು ನಸುಕಿನಲ್ಲಿಯೇ ಮನೆಮನೆಗೆ ಹಂಚುತ್ತಾರೆ. ಹೀಗೆ ಹಂಚಿ ಕಾಲೇಜು ಫೀಸನ್ನು ಭರಿಸಿಕೊಂಡ ವಿದ್ಯಾರ್ಥಿಗಳು ಬಹುಮಂದಿ. ಗೃಹಿಣಿಯರಿಗಂತೂ ಹಾಸೆಗಾವಾ ಮಾಚಿಕೋ ಬರೆಯುತ್ತಿದ್ದ 'ಸಾಜಾಯೆ-ಸಾನ್' ಎಂಬ ನಾಲ್ಕು ಚೌಕದ ಸಂಸಾರಚಿತ್ರ 1974ರತನಕ ಬೆಳಗಿನ ಕಾಫಿಯಷ್ಟೇ ಅವಶ್ಯಕವಾಗಿತ್ತೆನ್ನಬಹುದು.

ಒಮ್ಮೆ 80 ಲಕ್ಷ ಮೀರಿದ್ದ ಪ್ರಸಾರ 2020ರ ದಶಕದಲ್ಲಿ 40 ಲಕ್ಷಕ್ಕಿಂತಲೂ ಕೆಳಗಿಳಿದಿದೆ. 1959ರಲ್ಲಿ ಟೋಕಿಯೋದಿಂದ ಸಪ್ಪೋರೋ ನಗರಕ್ಕೆ ಇಡೀ ಪುಟದ ಪ್ರತಿಬಿಂಬವನ್ನೇ ವಿದ್ಯುತ್ತಿನ ಮೂಲಕ ಕಳುಹಿ ಅಲ್ಲಿಯೇ ಅಚ್ಚು ಹಾಕಿದ್ದು ಆ ಕಾಲಕ್ಕೆ ಜಗತ್ತಿಗೇ ಹೊಸತು. ಆ ಸಪ್ಪೋರೋ ಇರುವ ಹೊಕ್ಕೈಡೋ ದ್ವೀಪದಲ್ಲಿ ಅಸಾಹಿಯ ಸಂಜೆಯ ಪತ್ರಿಕೆ 2024ರ ಮಾರ್ಚ್ ಕೊನೆಗೆ ನಿಂತುಹೋಯಿತು.