ಲೀನ್, ಕೈಜೆನ್: ನಂಬಿಕೆ ಒಂದು, ನಿಜ ಇನ್ನೊಂದು

ಲೀನ್ ಎಂದರೆ ಆಳು ಕಡಿತ ಎಂಬ ನಂಬಿಕೆ ಕಾರ್ಖಾನೆಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಅರ್ಧ ತಪ್ಪು ಹೆಸರಿನದೇ. ಇಂಗ್ಲಿಷಿನಲ್ಲಿ ಆ ಪದಕ್ಕೆ ತೆಳ್ಳಗಿನದು, ಕೊಬ್ಬಿಲ್ಲದ್ದು ಎಂದರ್ಥ. ಟೊಯೋಟಾದ ಉತ್ಪಾದನಾ ಪದ್ಧತಿಗೆ 1988ರಲ್ಲಿ ಆ ಹೆಸರಿಟ್ಟವರು ಅಮೆರಿಕದ ಸಂಶೋಧಕ ಜಾನ್ ಕ್ರಾಫ್ಸಿಕ್. ಪದ್ಧತಿಯನ್ನು ರೂಪಿಸಿದ ತೈಚಿ ಓನೊ ಏಳು ಬಗೆಯ ವ್ಯರ್ಥಗಳನ್ನು ಗುರುತಿಸಿದ್ದರು: ಬೇಡಿಕೆ ಮೀರಿದ ಉತ್ಪಾದನೆ, ಸುಮ್ಮನೆ ಕಾಯುವುದು, ಬೇಡದ ಸಾಗಣೆ, ಬೇಡದ ಸಂಸ್ಕರಣೆ, ದಾಸ್ತಾನು, ಅನಗತ್ಯ ಓಡಾಟ, ದೋಷ. ಕೆಲಸಗಾರ ಆ ಪಟ್ಟಿಯಲ್ಲಿಲ್ಲ.

ಟೊಯೋಟಾ ಇದನ್ನು ಪೆಟ್ಟು ತಿಂದೇ ಕಲಿತದ್ದು. 1950ರ ಬಿಕ್ಕಟ್ಟಿನಲ್ಲಿ ಸಾಮೂಹಿಕ ಕಡಿತಕ್ಕೆ ಇಳಿದಾಗ ಮುಷ್ಕರ ನಡೆದು, ಅಧ್ಯಕ್ಷ ಕಿಇಚಿರೊ ಟೊಯೋಡ ರಾಜೀನಾಮೆ ಕೊಡಬೇಕಾಯಿತು. ಯಾರ ಕೆಲಸವೂ ಭದ್ರವಲ್ಲದ ಕಡೆ ಸುಧಾರಣೆಯ ಸಲಹೆ ಕೊಡುವುದೆಂದರೆ ಕುಳಿತ ಕೊಂಬೆಯನ್ನೇ ಕಡಿದುಕೊಂಡಂತೆ. ಅಷ್ಟು ಲೆಕ್ಕ ಕೆಲಸಗಾರನಿಗೂ ಗೊತ್ತು.

ಜಪಾನೀಯರ ಶಿಸ್ತಿದ್ದರೆ ಮಾತ್ರ ಇದೆಲ್ಲ ನಡೆಯುತ್ತದೆ ಎಂಬುದು ಇನ್ನೊಂದು ಮಾತು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಗೈರುಹಾಜರಿಗೆ, ಜಗಳಗಳಿಗೆ ಹೆಸರಾಗಿತ್ತು, 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಜೊತೆಗೂಡಿ ನುಮ್ಮಿ ಎಂಬ ಹೆಸರಿನಲ್ಲಿ ಅದು ಮತ್ತೆ ತೆರೆಯಿತು. ಬಹುಪಾಲು ಕೆಲಸಗಾರರು ಹಳಬರೇ, ಕಾರ್ಮಿಕ ಸಂಘವೂ ಹಳೆಯದೇ. ಕೆಲವೇ ವರ್ಷಗಳಲ್ಲಿ ಗುಣಮಟ್ಟ ಟೊಯೋಟಾದ ಜಪಾನಿನ ಕಾರ್ಖಾನೆಗಳ ಮಟ್ಟಕ್ಕೆ ಸಮೀಪಿಸಿತು. 1988ರ ಸುಮಾರಿಗೆ ಕಾರುಗಳ ಬೇಡಿಕೆ ಕುಸಿದಾಗಲೂ ಯಾರನ್ನೂ ಮನೆಗೆ ಕಳಿಸಲಿಲ್ಲ. ಕೈ ಖಾಲಿಯಾದವರನ್ನು ತರಬೇತಿಗೆ, ಸುಧಾರಣಾ ಕೆಲಸಕ್ಕೆ ಹಚ್ಚಿದರು. ಪದ್ಧತಿಯ ಬೇರುಗಳೂ ಪೂರ್ತಿ ಜಪಾನಿನವಲ್ಲ: ಕೆಲಸಗಾರರಿಂದ ಸಲಹೆ ಪಡೆಯುವ ಟೊಯೋಟಾದ ಯೋಜನೆ 1951ರಲ್ಲಿ ಫೋರ್ಡ್ ಕಂಪನಿಯದನ್ನು ನೋಡಿ ಶುರುವಾದದ್ದು.

ದೋಷ ಕಂಡಾಗ ಜೋಡಣಾ ಲೈನ್ ನಿಲ್ಲಿಸುವುದು ನಷ್ಟ ಎಂಬ ಎಣಿಕೆ ತರ್ಕಬದ್ಧವಾಗಿಯೇ ಕಾಣುತ್ತದೆ. ಆದರೆ ಮುಂದೆ ಸಾಗಿದ ದೋಷವನ್ನು ಕೊನೆಯಲ್ಲಿ ಸರಿಪಡಿಸಲು ಬಿಚ್ಚುವುದು, ಹುಡುಕುವುದು, ಮತ್ತೆ ಜೋಡಿಸುವುದು ಎಲ್ಲವೂ ಬೇಕು. ಕಿಇಚಿರೊ ಅವರ ತಂದೆ ಸಕಿಚಿ ಟೊಯೋಡ 1924ರಲ್ಲಿ ಪೂರ್ಣಗೊಳಿಸಿದ ಮಗ್ಗ ನೂಲು ಕಡಿದರೆ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಗಜಗಟ್ಟಲೆ ನೇಯ್ದುಹೋಗುವ ಪ್ರಶ್ನೆಯೇ ಇರಲಿಲ್ಲ. ಕಾರು ಲೈನಿನಲ್ಲಿ ದೋಷ ಕಂಡ ಕೆಲಸಗಾರ ಎಳೆಯುವ ಆಂಡನ್ ಹಗ್ಗದ ಹಿಂದಿರುವುದೂ ಅದೇ ಯೋಚನೆ. ಹಗ್ಗ ಎಳೆದೊಡನೆ ಲೈನ್ ನಿಲ್ಲುತ್ತದೆ ಎಂಬುದೂ ತಪ್ಪು: ಮೊದಲು ದೀಪ ಹೊತ್ತಿ ತಂಡದ ನಾಯಕ ಓಡಿ ಬರುತ್ತಾನೆ, ಕಾರು ನಿಗದಿತ ಗೆರೆ ತಲುಪುವಷ್ಟರಲ್ಲಿ ಸರಿಹೋಗದಿದ್ದರೆ ಮಾತ್ರ ಲೈನ್ ನಿಲ್ಲುತ್ತದೆ.

ಕೈಜೆನ್ ಎಂದರೆ ಸಲಹಾ ಪೆಟ್ಟಿಗೆ, ವರ್ಷಕ್ಕೊಮ್ಮೆ ಸ್ವಚ್ಛತಾ ಸಪ್ತಾಹ ಎಂದುಕೊಂಡವರೂ ಬಹಳ. ಜಪಾನಿ ಭಾಷೆಯಲ್ಲಿ ಅದು ಸುಧಾರಣೆ ಎಂಬರ್ಥದ ದಿನಬಳಕೆಯ ಪದ. ಮಸಾಕಿ ಇಮಾಯಿ ಅವರ 1986ರ ಪುಸ್ತಕ ಅದನ್ನು ಜಗತ್ತಿಗೆ ಪರಿಚಯಿಸಿತು. ಕೆಲಸ ಮಾಡುವವನೇ ಕೆಲಸದ ಕ್ರಮವನ್ನು ಬರೆದಿಟ್ಟು, ಪರೀಕ್ಷಿಸಿ, ತಿದ್ದುವುದು ಅದರ ತಿರುಳು. ಲಿಖಿತ ಕ್ರಮವೇ ಇಲ್ಲದಿದ್ದರೆ ಸುಧಾರಿಸಿತೋ ಕೆಟ್ಟಿತೋ ಅಳೆಯುವುದು ಯಾವುದಕ್ಕೆ ಹೋಲಿಸಿ?

ದಾಸ್ತಾನು ಸೊನ್ನೆಯಾಗಲೇಬೇಕು ಎಂಬುದು ಅರ್ಧಸತ್ಯ. ಜಪಾನಿನ 2011ರ ಭೂಕಂಪದ ನಂತರ ಟೊಯೋಟಾವೇ ಚಿಪ್‌ಗಳಂಥ ಬಿಡಿಭಾಗಗಳ ದಾಸ್ತಾನನ್ನು ಪೂರೈಕೆದಾರರಲ್ಲಿ ತಿಂಗಳುಗಟ್ಟಲೆಗೆ ಆಗುವಷ್ಟು ಇಡಿಸಿತು.

ನಾಯಕತ್ವದ ಬಗೆಗಿನ ತಪ್ಪೇ ಎಲ್ಲಕ್ಕಿಂತ ದುಬಾರಿ: ಉಪಕರಣ ಕೊಂಡರೆ ಪದ್ಧತಿ ಬರುತ್ತದೆ, ಮೇಲಿನವರು ಬದಲಾಗಬೇಕಿಲ್ಲ ಎಂಬ ನಂಬಿಕೆ. ನುಮ್ಮಿಯ ತಂಡ-ಪದ್ಧತಿಯನ್ನು ಜನರಲ್ ಮೋಟರ್ಸ್ ಕ್ಯಾಲಿಫೋರ್ನಿಯಾದಲ್ಲೇ ಇದ್ದ ತನ್ನ ವ್ಯಾನ್ ನೈಸ್ ಕಾರ್ಖಾನೆಗೂ ತಂದಿತು. ಅಲ್ಲಿ ಕಾರುಗಳ ಎಣಿಕೆಯೇ ಮುಖ್ಯವಾಗಿ ಉಳಿಯಿತು, ಲೈನ್ ನಿಲ್ಲಿಸುವುದನ್ನು ಮೇಲಿನವರು ಸಹಿಸಲಿಲ್ಲ. ಆ ಕಾರ್ಖಾನೆ 1992ರಲ್ಲಿ ಮುಚ್ಚಿತು.