ಹಂದಿ ಹೊಡೆಯಲು ಅಪ್ಪಣೆ ಉಂಟು, ಕೋವಿಗೆ ವಾರಸುದಾರರಿಲ್ಲ

ಕಾಸರಗೋಡು: ಎಣ್ಣೆ ಬಟ್ಟೆ ಸುತ್ತಿ ಕೋಣೆಯಲ್ಲಿಟ್ಟ ಹಳೆಯ ಕೋವಿ ಇರುವ ಮನೆಗಳು ಗಡಿನಾಡಿನಲ್ಲಿ ಇನ್ನೂ ಇವೆ. ಕನ್ನಡದಲ್ಲಿ ಕೋವಿ, ತುಳುವಿನಲ್ಲಿ ಬೆಡಿ, ಮಲಯಾಳದಲ್ಲಿ ತೋಕ್ಕ್. ಮೂರು ಭಾಷೆಯಲ್ಲಿ ಹೆಸರಿದ್ದರೇನು, ಅದನ್ನು ಸರಿಯಾಗಿ ತುಂಬಿಸಿ ಗುರಿ ಹಿಡಿಯಲು ಬರುವವರು ಮನೆಯಲ್ಲಿ ಒಬ್ಬರಿದ್ದರೆ ಹೆಚ್ಚು. ಅವರಿಗೂ ವಯಸ್ಸಾಗಿರುತ್ತದೆ. ಇತ್ತ ದೇಲಂಪಾಡಿ, ಬೆಳ್ಳೂರು, ಕಾರಡ್ಕ, ಎಣ್ಮಕಜೆ ಕಡೆಯ ತೋಟಗಳಿಗೆ ರಾತ್ರಿ ಹೊತ್ತು ಹಂದಿ ಬರುವುದೇನೂ ನಿಂತಿಲ್ಲ. ಮರಗೆಣಸು, ಸುವರ್ಣಗಡ್ಡೆ, ಬಾಳೆಕಂದು, ನೆಟ್ಟು ವರ್ಷವಾಗದ ಕಂಗಿನ ಸಸಿ - ಬೆಳಗ್ಗೆ ಎದ್ದು ನೋಡಿದರೆ ಉತ್ತು ಹಾಕಿದ ಗದ್ದೆಯ ಹಾಗೆ.

ಹೊಡೆಯಲು ಅಪ್ಪಣೆ ಇಲ್ಲವೆಂದು ಹೇಳುವಂತಿಲ್ಲ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಪಂಚಾಯತು ಅಧ್ಯಕ್ಷರು, ನಗರಸಭಾ ಅಧ್ಯಕ್ಷರು ಮತ್ತು ಮೇಯರ್‌ಗಳನ್ನು ಗೌರವ ವನ್ಯಜೀವಿ ವಾರ್ಡನ್ ಎಂದು ನೇಮಿಸಲು ತೀರ್ಮಾನಿಸಿತು. ಕೃಷಿಗೆ, ಜೀವಕ್ಕೆ ಅಪಾಯ ತರುವ ಹಂದಿಯನ್ನು ಕೊಲ್ಲಲು ಇವರು ಆದೇಶ ಕೊಡಬಹುದು. ವಿಷ, ಸ್ಫೋಟಕ, ಕರೆಂಟು ಕೊಡುವುದು ಕೂಡದು. ಪರವಾನಗಿ ಇರುವ ಕೋವಿಯವರೇ ಗುಂಡು ಹೊಡೆಯಬೇಕು. ಸತ್ತ ಹಂದಿಯನ್ನು ಲೆಕ್ಕ ಬರೆದು ಹೂಳಬೇಕು, ಪದಾರ್ಥ ಮಾಡುವ ಹಾಗಿಲ್ಲ. ಕಾಗದ ಪತ್ರ ಎಲ್ಲ ಸರಿ. ಆದರೆ ಹೊಡೆಯುವವರು ಯಾರು ಮಾರಾಯ್ರೆ? ಪಟ್ಟಿಯಲ್ಲಿ ಹೆಸರು ಹಾಕಲು ಕೋವಿಯವರೇ ಸಿಗದೆ ಬೇರೆ ಊರಿನಿಂದ ಕರೆಸಿದ ಪಂಚಾಯತುಗಳು ಕೇರಳದಲ್ಲಿ ಹಲವು.

ಕೇಪಿನ ಕೋವಿ, ಸೀಸದ ಗುಂಡು

ಠಾಣೆಯ ದಾಖಲೆಯಲ್ಲಿ ‘ಎಸ್‌ಬಿಎಂಎಲ್’ ಎಂದು ಬರೆಯುವುದು ಒಂಟಿ ನಳಿಗೆಯ ಕೇಪಿನ ಕೋವಿಯನ್ನು. ಇದಕ್ಕೆ ಮೂತಿಯಿಂದಲೇ ಮದ್ದು ಹಾಕಿ, ಗಜದಿಂದ ಗಟ್ಟಿಸಿ, ಮೇಲೆ ಗುಂಡು ಇಳಿಸಿ, ಹಿಂದೆ ಕೇಪು ಕೂರಿಸಬೇಕು. ಒಂದು ಈಡು ತಪ್ಪಿದರೆ ಎರಡನೆಯದಕ್ಕೆ ತಯಾರಾಗುವಾಗ ಹಂದಿ ಗುಡ್ಡೆಯ ಆಚೆ ಇರುತ್ತದೆ. ಹಾಗಿದ್ದರೂ 1959ರ ಆಯುಧ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆಂದು ಹೆಸರು ಹಿಡಿದು ಹೇಳಿರುವುದು ಈ ಮೂತಿ ತುಂಬುವ ಕೋವಿಯನ್ನೇ. ರೈತನ ಆಯುಧ ಎಂದು ಕಾನೂನೇ ಒಪ್ಪಿದ್ದು ಇದು.

ಗುಂಡಿನ ಸಂಗತಿ ಇನ್ನೂ ಸ್ವಾರಸ್ಯದ್ದು. ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಸಾಕು, ಅಂದ್ರೆ ಒಲೆಯ ಕೆಂಡದಲ್ಲೇ ಆಗುವ ಕೆಲಸ. ಬೀಸುಬಲೆಯ ಹಳೆ ಸೀಸವನ್ನೋ ತುಂಡು ಕೊಳವೆಯನ್ನೋ ಕಬ್ಬಿಣದ ಸೌಟಿನಲ್ಲಿ ಕರಗಿಸಿ, ಚೂರು ಮೇಣ ಹಾಕಿ, ಮೇಲೆ ತೇಲುವ ಕಿಟ್ಟ ತೆಗೆದು, ಇಕ್ಕಳದಂತಿರುವ ಅಚ್ಚಿಗೆ ಹೊಯ್ಯುವುದು ಹಳೆಯ ಕ್ರಮ. ಅಚ್ಚು ತಣ್ಣಗಿದ್ದರೆ ಗುಂಡು ಸುಕ್ಕು ಬೀಳುತ್ತದೆ, ಅದು ನೇರ ಹೋಗುವುದಿಲ್ಲ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೆ ಸಾಕು, ಸಿಡಿದು ಮುಖಕ್ಕೇ ಬರುತ್ತದೆ. ಕಿಟ್ಟದ ಹುಡಿ ಕೈಗೆ ಮೆತ್ತಿ ಹೊಟ್ಟೆಗೆ ಹೋಗುವುದು ಕಣ್ಣಿಗೆ ಕಾಣದ ಅಪಾಯ; ಮಕ್ಕಳಿಗಂತೂ ಸೀಸ ಎಷ್ಟು ಕಡಿಮೆಯಾದರೂ ಒಳ್ಳೆಯದಲ್ಲ. ಅಡುಗೆಮನೆಯ ಒಲೆಯಲ್ಲೇ ಇದೆಲ್ಲ ನಡೆಯುತ್ತಿದ್ದರೆ ಆ ಕಾಲಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಈಗ ಆ ಅಚ್ಚು ಕೈಗೆ ಸಿಕ್ಕಿತೆಂದು ಹೊಯ್ಯಲು ಹೊರಡಬೇಡಿ. ಮದ್ದುಗುಂಡು ತಯಾರಿಸಲು ಬೇರೆಯೇ ಪರವಾನಗಿ ಬೇಕು, ಕೋವಿಯ ಪರವಾನಗಿ ಅದಕ್ಕೆ ಸಾಲದು.

ಹನ್ನೆರಡು ಬೋರ್ ಎಂಬ ಮಾತು ಹುಟ್ಟಿದ್ದು ಕೂಡ ಈ ಸೀಸದ ಗುಂಡಿನಿಂದಲೇ. ಒಂದು ರಾತ್ಲು ಸೀಸದಲ್ಲಿ ಸಮನಾದ 12 ಗುಂಡು ಹೊಯ್ದರೆ ಒಂದೊಂದು ಯಾವ ನಳಿಗೆಗೆ ಸರಿಯಾಗಿ ಕೂರುತ್ತದೋ ಅದು 12 ಬೋರ್. ಒಂದು ಗುಂಡಿನ ತೂಕ ಸುಮಾರು 38 ಗ್ರಾಂ, ನಳಿಗೆಯ ಅಗಲ ಹದಿನೆಂಟೂವರೆ ಮಿಲಿಮೀಟರ್. ತೋಟೆ ಕೋವಿಯವರಿಗೆ ಇದರ ತೋಟೆ ಅಂಗಡಿಯಲ್ಲಿ ಸಿಗುತ್ತದೆ. ಪುಣೆ ಬಳಿಯ ಖಡ್ಕಿಯ ಸರಕಾರಿ ಕಾರ್ಖಾನೆಯಲ್ಲಿ ತಯಾರಾದದ್ದು ನಮ್ಮಲ್ಲಿ ಹಳೆಯ ಪರಿಚಯ.

ಅಮೆರಿಕದಲ್ಲಿ ಗುಂಡು ಎರಕ ಹೊಯ್ಯುವುದೇ ಒಂದು ಹವ್ಯಾಸ. ಹಳೆಯ ಗುರಿ ರಿವಾಲ್ವರುಗಳಿಗೆ ‘ವಾಡ್‌ಕಟರ್’ ಎಂಬ ಮೊಂಡು ಮೂತಿಯ ಗುಂಡು ಮಾಡುತ್ತಾರೆ. ಚೂಪು ಗುಂಡು ಕಾಗದವನ್ನು ಹರಿಯುತ್ತದೆ, ಇದು ನಾಣ್ಯದಂತೆ ಕತ್ತರಿಸಿ ತೆಗೆಯುತ್ತದೆ, ಅಂಕ ಎಣಿಸುವವರಿಗೆ ತಕರಾರಿಲ್ಲ. ಅದಕ್ಕೆ ಅವರು ಹುಡುಕುವುದು ಹಳೆ ಮುದ್ರಣಾಲಯದ ಲೋಹ. ಸೀಸಕ್ಕೆ ಆಂಟಿಮನಿ, ತವರ ಬೆರೆಸಿದ ಆ ಲೋಹ ಗಟ್ಟಿ. ನಮ್ಮ ಹಳೆಯ ಪ್ರೆಸ್ಸುಗಳ ಅಚ್ಚುಮೊಳೆಯೂ ಇದೇ ಜಾತಿಯದು, ತೂಕಕ್ಕೆ ಗುಜರಿ ಪಾಲಾಯಿತು.

ಮಳೆ, ಮಸಿ ಮತ್ತು ಮತದಾನ

ಕರಿಮದ್ದಿನ ಕೋವಿಗೆ ದೊಡ್ಡ ಶತ್ರು ನಮ್ಮ ಮಳೆಗಾಲ. ಹೊಡೆದ ಮೇಲೆ ನಳಿಗೆಯೊಳಗೆ ಉಳಿಯುವ ಮಸಿ ತೇವ ಹೀರುತ್ತದೆ. ಅದೇ ದಿನ ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಎಣ್ಣೆ ಬಿಡದಿದ್ದರೆ ತುಕ್ಕು ಒಳಗೊಳಗೇ ತಿನ್ನುತ್ತದೆ. ಹೊರಗೆ ಹೊಳೆಯುವ ಕೋವಿಯೂ ಒಳಗೆ ಟೊಳ್ಳಾಗಿರಬಹುದು. ಅಂಥದ್ದು ಹೊಡೆದವನ ಕೈಯಲ್ಲೇ ಒಡೆಯುತ್ತದೆ. ಅಜ್ಜನ ಕೋವಿ ಎಂಬ ಅಭಿಮಾನ ಬೇರೆ, ಬಂದೂಕು ರಿಪೇರಿಯವರಿಗೆ ತೋರಿಸದೆ ಅದರಲ್ಲಿ ಹೊಡೆಯುವ ಧೈರ್ಯ ಬೇರೆ.

ಇನ್ನು ಚುನಾವಣೆ ಬಂತೆಂದರೆ ಕೋವಿ ಠಾಣೆಗೆ. ಯಾರ ಕೋವಿ ಒಪ್ಪಿಸಬೇಕೆಂದು ತೀರ್ಮಾನಿಸಲು ಜಿಲ್ಲೆಯಲ್ಲಿ ಸಮಿತಿ ಇರುತ್ತದೆ ಎನ್ನುವುದು ನಿಯಮ. ಆದರೆ 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಕೇರಳದ ಹಲವೆಡೆ ಹಂದಿ ಹೊಡೆಯುವವರ ಕೋವಿಗಳೂ ಠಾಣೆ ಸೇರಿ ಕೆಲಸ ನಿಂತಿತು. ಹಂದಿಗೇನು ನೀತಿ ಸಂಹಿತೆಯೇ? ಬೆಳೆ ರಕ್ಷಣೆಯ ಕೋವಿಯನ್ನು ಕಣ್ಣುಮುಚ್ಚಿ ಎಲ್ಲದರ ಜತೆ ಸೇರಿಸುವುದು ಸರಿಯಲ್ಲ.

ಗಡಿ ದಾಟಿದರೆ ಕತೆಯೇ ಬೇರೆ. ನಮ್ಮ ಜಿಲ್ಲೆಗೆ ತಾಗಿಯೇ ಇರುವ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿ ಬೇಡ. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಅದು. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿ ಹಿಡಿಯಿತು. ಕೈಲ್‌ಪೊಳ್ದ್ ಹಬ್ಬಕ್ಕೆ ಅಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಸ್ಪರ್ಧೆ ಇರುವುದರಿಂದ ಎಳೆಯರ ಕೈಗೂ ಕೋವಿಯ ಪಳಗು ಉಂಟು. ತಮಿಳುನಾಡಿನ ತಾಳವಾಡಿ, ನೀಲಗಿರಿ ಕಡೆಯವರಿಗೆ 2025ರ ಜನವರಿಯಲ್ಲಿ ಬಂದ ತೀರ್ಮಾನವೇ ಬೇರೆ: ಮೀಸಲು ಅರಣ್ಯದಿಂದ 3 ಕಿಲೋಮೀಟರ್ ಆಚೆ ಬಂದ ಹಂದಿಯನ್ನು ಅರಣ್ಯ ಇಲಾಖೆಯವರೇ ಹೊಡೆಯುತ್ತಾರೆ, 1ರಿಂದ 3 ಕಿಲೋಮೀಟರ್ ಒಳಗಾದರೆ ಹಿಡಿದು ಕಾಡಿಗೆ ಬಿಡುತ್ತಾರೆ, 1 ಕಿಲೋಮೀಟರ್ ಒಳಗೆ ಏನೂ ಇಲ್ಲ. ಸತ್ಯಮಂಗಲ ಹುಲಿ ಮೀಸಲಿನ ಮಗ್ಗುಲಲ್ಲೇ ಇರುವ ತಾಳವಾಡಿ ಹಳ್ಳಿಗಳಿಗೆ ಈ ಲೆಕ್ಕದಿಂದ ಎಷ್ಟು ಉಪಕಾರವಾದೀತು?

ಮಕ್ಕಳ ಹೆಸರಿಗೆ ಮಾಡಬಹುದು

ಮನೆಯ ಹಿರಿಯರು ತೀರಿಕೊಂಡ ಮೇಲೆ ಕೋವಿ ಏನು ಮಾಡುವುದೆಂದು ತಿಳಿಯದೆ ಠಾಣೆಗೊಪ್ಪಿಸಿ ಕೈತೊಳೆದುಕೊಳ್ಳುವವರು ಇದ್ದಾರೆ. ಅಷ್ಟರವರೆಗೆ ಕಾಯಬೇಕಾಗಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಯಾವುದು ಮೊದಲೋ ಅದಕ್ಕೆ, ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಬಹುದು. ಮಗನೇ ಆಗಬೇಕೆಂದಿಲ್ಲ, ಮಗಳೂ ಆದೀತು. ಹೊಸಬರು ಆಯುಧ ಸುರಕ್ಷತೆಯ ತರಬೇತಿ ಪಡೆದ ಪ್ರಮಾಣಪತ್ರ ಕೊಡಬೇಕು. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ, ಒಬ್ಬರ ಬಳಿ 2 ಕೋವಿಗಿಂತ ಹೆಚ್ಚು ಇರುವಂತಿಲ್ಲ. ಅರ್ಜಿ ಕೊಡಬೇಕಾದದ್ದು ಜಿಲ್ಲಾಧಿಕಾರಿ ಕಚೇರಿಗೆ, ಪೊಲೀಸು ವರದಿ ಆ ಬಳಿಕ ಬರುತ್ತದೆ.